ಕ್ಲಾರಿನೆಟ್, ಬ್ಯಾಂಜೊ, ಟ್ಯೂಬಾ: ಈ ಮೂರರಲ್ಲೇ ಹಳೆಯ ಜಾಝ್ ನುಡಿಸಬಹುದಾ?

ಪ್ರಶ್ನೆ: ಮರದಪೀಪಿ

ನಾವು ಮೂವರು. ನಾನು ಕ್ಲಾರಿನೆಟ್ ಊದುತ್ತೇನೆ, ಒಬ್ಬ ಗೆಳೆಯ ನಾಲ್ಕು ತಂತಿಯ ಬ್ಯಾಂಜೊ ಬಾರಿಸುತ್ತಾನೆ, ಇನ್ನೊಬ್ಬ ಗೆಳತಿ ಟ್ಯೂಬಾ ಊದುತ್ತಾಳೆ. ಹೀಗೇ ಇರಬೇಕು ಅಂತ ಯೋಚಿಸಿ ಸೇರಿದ್ದಲ್ಲ. ಮೂವರಿಗೂ ಅಮೆರಿಕದ ನ್ಯೂ ಆರ್ಲಿಯನ್ಸ್ ಕಡೆಯ ಹಳೆಯ ಜಾಝ್ ಅಂದರೆ ಪ್ರಾಣ, ಸಿಕ್ಕವರು ಮೂವರೇ, ಹಾಗಾಗಿ ಶುರು ಮಾಡಿಬಿಟ್ಟೆವು. ನಾಲ್ಕು ತಿಂಗಳಾಯಿತು. ಹನ್ನೆರಡು ಹಾಡು ಕೈಗೆ ಹತ್ತಿವೆ.

ತೊಂದರೆ ಏನಂದರೆ, ಕೇಳಿದವರೆಲ್ಲ ಒಂದೇ ಮಾತು ಹೇಳುತ್ತಾರೆ. ಚೆನ್ನಾಗಿದೆ, ಆದರೆ ಏನೋ ಖಾಲಿ ಖಾಲಿ ಅನಿಸುತ್ತದೆ, ಒಬ್ಬ ಡ್ರಮ್ಸ್‌ನವರನ್ನು ಸೇರಿಸಿಕೊಳ್ಳಿ, ಆಗದಿದ್ದರೆ ಪಿಯಾನೊ ಆದರೂ ಇರಲಿ. ರೆಕಾರ್ಡ್ ಮಾಡಿ ಕೇಳಿದರೆ ನನಗೂ ಹಾಗೇ ಅನಿಸುತ್ತದೆ. ಅದನ್ನು ತುಂಬಲು ನಾನು ಮೊದಲಿಂದ ಕೊನೆಯವರೆಗೆ ಬಿಡದೆ ಊದುತ್ತೇನೆ. ಮೂರನೇ ಹಾಡಿಗೆ ತುಟಿ ಸೋತಿರುತ್ತದೆ. ನಾನು ನಿಲ್ಲಿಸಿದರೆ ಬ್ಯಾಂಜೊ ಚಕ್ ಚಕ್ ಚಕ್ ಚಕ್ ಅನ್ನುವುದು, ಕೆಳಗೆ ಟ್ಯೂಬಾ ಬೊಂಬ್ ಬೊಂಬ್ ಅನ್ನುವುದು ಇಷ್ಟೇ ಉಳಿಯುತ್ತದೆ. ಟ್ಯೂಬಾ ಸೋಲೊ ಬಂದಾಗಂತೂ ಕೆಳಗಿನ ನೆಲವೇ ಇಲ್ಲದಂತಾಗುತ್ತದೆ.

ಇನ್ನೊಬ್ಬರನ್ನು ಸೇರಿಸಿಕೊಳ್ಳಲು ನಮಗೆ ಮನಸ್ಸಿಲ್ಲ. ಮೂವರ ನಡುವೆ ಒಂದು ಹೊಂದಿಕೆ ಬಂದಿದೆ, ಅದನ್ನು ಕಳೆದುಕೊಳ್ಳಲು ಇಷ್ಟವಿಲ್ಲ. ಹಿಂದೆ ಯಾರಾದರೂ ಹೀಗೆ ವಿಚಿತ್ರ ಜೋಡಣೆಯಲ್ಲಿ ನುಡಿಸಿದ್ದಾರಾ? ಅವರು ಈ ಖಾಲಿ ಜಾಗವನ್ನು ಏನು ಮಾಡಿದರು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಹಳೇರೆಕಾರ್ಡು

ಮೊದಲು ಆ ಡ್ರಮ್ಸ್ ಮಾತನ್ನು ಪಕ್ಕಕ್ಕಿಡಿ. ಲೂಯಿಸ್ ಆರ್ಮ್‌ಸ್ಟ್ರಾಂಗ್ ಅವರ ಹಾಟ್ ಫೈವ್ 1925ರ ನವೆಂಬರ್‌ನಲ್ಲಿ ಷಿಕಾಗೋದಲ್ಲಿ ರೆಕಾರ್ಡ್ ಮಾಡಲು ಶುರು ಮಾಡಿತಲ್ಲ, ಅದರಲ್ಲಿ ಯಾರಿದ್ದರು ನೋಡಿ. ಕಾರ್ನೆಟ್ (ಟ್ರಂಪೆಟ್‌ನಂಥ ಸಣ್ಣ ಹಿತ್ತಾಳೆ ವಾದ್ಯ) ಆರ್ಮ್‌ಸ್ಟ್ರಾಂಗ್, ಕ್ಲಾರಿನೆಟ್ ಜಾನಿ ಡಾಡ್ಸ್, ಟ್ರೊಂಬೋನ್ ಕಿಡ್ ಓರಿ, ಪಿಯಾನೊ ಲಿಲ್ ಹಾರ್ಡಿನ್, ಬ್ಯಾಂಜೊ ಜಾನಿ ಸೇಂಟ್ ಸಿರ್. ಡ್ರಮ್ಸ್ ಇಲ್ಲ, ಬೇಸ್ (ಕೆಳಗಿನ ಸ್ವರ ಹಿಡಿಯುವ ವಾದ್ಯ) ಕೂಡ ಇಲ್ಲ. ಇವತ್ತಿಗೂ ಜಾಝ್ ಕಲಿಯುವವರು ಮೊದಲು ಕೇಳುವುದು ಅದನ್ನೇ. ಟ್ಯೂಬಾ ಮತ್ತು ಡ್ರಮ್ಸ್ ಸೇರಿದ್ದು 1927ರ ಮೇ ತಿಂಗಳಲ್ಲಿ, ಹಾಟ್ ಸೆವೆನ್ ಆದಾಗ. ಇನ್ನೂ ಹಿಂದೆ ಹೋದರೆ, 1917ರ ಫೆಬ್ರವರಿಯಲ್ಲಿ ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ ಮಾಡಿದ, ಎಲ್ಲರೂ ಮೊದಲ ಜಾಝ್ ರೆಕಾರ್ಡ್ ಅನ್ನುವ ಅದರಲ್ಲಿ ಡ್ರಮ್ಸ್ ಇತ್ತು, ಬೇಸ್ ಇರಲಿಲ್ಲ. ಅಂದರೆ ಹಳೆಯ ಜಾಝ್ ಅನ್ನುವುದು ಯಾವತ್ತೂ ಯಾವುದೋ ಒಂದು ವಾದ್ಯ ಇಲ್ಲದೆಯೇ ನಡೆದು ಬಂದಿದೆ.

ಈಗ ಮೂವರ ವಿಷಯ. ನೀವು ಕ್ಲಾರಿನೆಟ್ ಊದುವವರಾದ್ದರಿಂದ ಇದನ್ನು ಇವತ್ತೇ ಕೇಳಿ. 1927ರ ಜೂನ್‌ನಲ್ಲಿ ಜೆಲ್ಲಿ ರೋಲ್ ಮಾರ್ಟನ್ ಪಿಯಾನೊ, ಜಾನಿ ಡಾಡ್ಸ್ ಕ್ಲಾರಿನೆಟ್, ಅವರ ತಮ್ಮ ಬೇಬಿ ಡಾಡ್ಸ್ ಡ್ರಮ್ಸ್, ಮೂವರೇ ಸೇರಿ ವಿಕ್ಟರ್ ಕಂಪನಿಗೆ ‘ವುಲ್ವರಿನ್ ಬ್ಲೂಸ್’ ನುಡಿಸಿದರು. ಬೇಸ್ ಇಲ್ಲ. ಅದರ ಮೊದಲ ಭಾಗದಲ್ಲಿ ಮಾರ್ಟನ್ ಒಬ್ಬರೇ ನುಡಿಸುತ್ತಾರೆ. ಕ್ಲಾರಿನೆಟ್ ಇನ್ನೂ ಬಂದೇ ಇಲ್ಲ. ಆಮೇಲೆ ಡಾಡ್ಸ್ ಒಳಗೆ ಬಂದಾಗ ಒಂದು ಬಾಗಿಲು ತೆರೆದ ಹಾಗೆ ಕೇಳಿಸುತ್ತದೆ. ಮೂರೇ ಜನ ಇದ್ದರೂ ಅವರಲ್ಲಿ ಒಬ್ಬರನ್ನು ಅಷ್ಟು ಹೊತ್ತು ಕಾಯಿಸಿದ್ದರಿಂದಲೇ ಆ ಪರಿಣಾಮ ಸಿಕ್ಕಿದ್ದು. ನೀವು ಮೊದಲಿಂದ ಕೊನೆಯವರೆಗೆ ಊದುತ್ತೇನೆ ಅಂತ ಬರೆದಿದ್ದೀರಿ, ಖಾಲಿ ಅನಿಸುವುದಕ್ಕೆ ಅದೇ ಕಾರಣ ಇರಬಹುದು ಅಂತ ನನಗೆ ಅನಿಸುತ್ತದೆ. ಬರುವುದು ಹೋಗುವುದು ಇಲ್ಲದಿದ್ದರೆ ಕಿವಿ ಇಲ್ಲದ್ದನ್ನು ಹುಡುಕಲು ಶುರು ಮಾಡುತ್ತದೆ.

ಅದೇ 1927ರಲ್ಲಿ ಇನ್ನೊಂದು ಮೂವರ ಗುಂಪು. ಫ್ರ್ಯಾಂಕಿ ಟ್ರಂಬಾವರ್ ಸಿ ಮೆಲಡಿ ಸ್ಯಾಕ್ಸೊಫೋನ್, ಎಡ್ಡಿ ಲ್ಯಾಂಗ್ ಗಿಟಾರ್, ಮತ್ತು ಕಾರ್ನೆಟ್‌ಗೆ ಹೆಸರಾದ ಬಿಕ್ಸ್ ಬೈಡರ್‌ಬೆಕ್ ಪಿಯಾನೊ! ಕೊನೆಯಲ್ಲಿ ಮಾತ್ರ ಬಿಕ್ಸ್ ಕಾರ್ನೆಟ್ ಎತ್ತಿಕೊಳ್ಳುತ್ತಾರೆ. ಲ್ಯಾಂಗ್ ಗಿಟಾರಿನಲ್ಲಿ ಬರೀ ತಾಳ ಹಿಡಿಯುವುದಿಲ್ಲ, ಸ್ಯಾಕ್ಸೊಫೋನಿನ ಜೊತೆ ಮಾತಾಡುತ್ತಾ ಹೋಗುತ್ತಾರೆ. ನಿಮ್ಮ ಬ್ಯಾಂಜೊ ಗೆಳೆಯರಿಗೆ ಇದನ್ನು ಕೇಳಿಸಿ.

ಜೋಡಣೆ ವಿಚಿತ್ರ ಅಂತ ಅಳುಕಿದ್ದರೆ ಮೌಂಡ್ ಸಿಟಿ ಬ್ಲೂ ಬ್ಲೋವರ್ಸ್ ಕೇಳಿ. 1924, ಸೇಂಟ್ ಲೂಯಿಸ್‌ನ ಹುಡುಗರು. ಒಬ್ಬ ಬಾಚಣಿಗೆಗೆ ಕಾಗದ ಸುತ್ತಿ ಊದುತ್ತಾನೆ, ಒಬ್ಬ ಕಜೂ (ಗುನುಗಿದರೆ ಝೇಂಕರಿಸುವ ಸಣ್ಣ ಪೀಪಿ), ಒಬ್ಬ ಬ್ಯಾಂಜೊ. ಆ ಬಾಚಣಿಗೆ ಊದಿದ ರೆಡ್ ಮೆಕೆಂಜಿಯನ್ನು ಕೇಳಿದರೆ ತಮಾಷೆ ಅನಿಸುವುದಿಲ್ಲ, ನಿಜವಾದ ಬ್ಲೂಸ್ ಕೇಳಿಸುತ್ತದೆ.

ಉತ್ತರ: ಚರ್ಮದಹಲಗೆ

ನಾನು ಬ್ಯಾಂಜೊ ಬಾರಿಸುವವನು. ಹಾಗಾಗಿ ಮರದಪೀಪಿಯವರೇ, ನಿಮ್ಮ ಗೆಳೆಯರಿಗೆ ಈ ಉತ್ತರ ಓದಿಸಿ. ನೀವು ಬರೆದ ಆ ‘ಚಕ್ ಚಕ್ ಚಕ್ ಚಕ್’ ಓದಿದ ತಕ್ಷಣ ನನಗೆ ಗೊತ್ತಾಯಿತು, ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದ್ದೇನೆ.

ಏಳು ಜನರ ಬ್ಯಾಂಡಿನಲ್ಲಿ ಬಾರ್‌ನ (ತಾಳದ ಒಂದು ಸುತ್ತಿನ) ನಾಲ್ಕೂ ಬೀಟ್ ಒಂದೇ ಸಮ ಬಾರಿಸುವುದು ಸರಿ. ಅಲ್ಲಿ ಮೇಲೆ ಮೂರು ಜನ ಊದುತ್ತಿರುತ್ತಾರೆ, ಅವರಿಗೆ ಒಂದು ಗಟ್ಟಿ ನೆಲ ಬೇಕು. ಮೂವರಲ್ಲಿ ಬ್ಯಾಂಜೊ ಅಂದರೆ ಅರ್ಧ ಡ್ರಮ್ಸ್, ಅರ್ಧ ಪಿಯಾನೊ. ಎರಡೂ ಕೆಲಸ ಅದೇ ಮಾಡಬೇಕು. ಬ್ಯಾಂಜೊದ ಮುಖ ಚರ್ಮ ಬಿಗಿದ ಡ್ರಮ್ಮೇ ಅಲ್ವಾ, ತಂತಿ ಮೀಟಿದ ಕೂಡಲೇ ಸದ್ದು ಸಿಡಿದು ಬೇಗ ಸತ್ತುಹೋಗುತ್ತದೆ. ಆ ಗುಣವನ್ನೇ ಬಳಸಿಕೊಳ್ಳಬೇಕು. ಎರಡು ಮತ್ತು ನಾಲ್ಕನೇ ಬೀಟಿನಲ್ಲಿ ಬಾರಿಸಿದ ತಕ್ಷಣ ಎಡಗೈ ಬೆರಳು ಸಡಿಲ ಬಿಡಬೇಕು, ತಂತಿಯಿಂದ ಪೂರ್ತಿ ತೆಗೆಯಬಾರದು. ಸದ್ದು ಕತ್ತರಿಸಿದ ಹಾಗೆ ನಿಲ್ಲುತ್ತದೆ, ಸ್ನೇರ್ ಡ್ರಮ್ ಹೊಡೆದ ಹಾಗೆ ಕೇಳಿಸುತ್ತದೆ. ಒಂದು ಮತ್ತು ಮೂರನೇ ಬೀಟನ್ನು ಟ್ಯೂಬಾಗೆ ಬಿಟ್ಟುಬಿಡಿ. ಸುಮ್ನೆ ಬಿಡಿ, ಮುಟ್ಟಲೇಬೇಡಿ. ಮೊದಲ ದಿನ ಭಯವಾಗುತ್ತದೆ, ಹಾಡು ನಿಂತೇ ಹೋಯಿತೇನೋ ಅನಿಸುತ್ತದೆ. ನಿಲ್ಲುವುದಿಲ್ಲ.

ಇನ್ನು ಕಾರ್ಡ್, ಅಂದರೆ ಒಟ್ಟಿಗೆ ಬಾರಿಸುವ ಸ್ವರಗಳ ಗುಂಪಿನ ವಿಷಯ. ಇದು ನನಗೆ ತುಂಬಾ ತಡವಾಗಿ ತಿಳಿದದ್ದು, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಟೆನರ್ ಬ್ಯಾಂಜೊ ಆದರೆ ತಂತಿಗಳು ಸಿ, ಜಿ, ಡಿ, ಎ. ಇರುವುದೇ ನಾಲ್ಕು ತಂತಿ, ಅದರಲ್ಲಿ ಮೂಲ ಸ್ವರವನ್ನು ಬಾರಿಸಿ ಒಂದು ತಂತಿ ಯಾಕೆ ಕಳೆಯಬೇಕು? ಅದನ್ನು ಟ್ಯೂಬಾ ಆಗಲೇ ಊದುತ್ತಿದೆ. ಕಾರ್ಡಿನ ಗುಣ ತೋರಿಸುವುದು ಮೂರನೇ ಮತ್ತು ಏಳನೇ ಸ್ವರ. ಸಿ ಸೆವೆಂತ್ ಕಾರ್ಡ್ ಬಂತು ಅನ್ನಿ, ಟ್ಯೂಬಾ ಸಿ ಊದಲಿ, ನೀವು ಇ ಮತ್ತು ಬಿ ಫ್ಲಾಟ್ ಹಿಡಿಯಿರಿ. ಮುಂದೆ ಎಫ್ ಸೆವೆಂತ್‌ಗೆ ಹೋಗಬೇಕಾ? ಎರಡೂ ಬೆರಳು ಒಂದೊಂದು ಮನೆ (ಫ್ರೆಟ್) ಕೆಳಗೆ ಜಾರಿಸಿದರೆ ಸಾಕು, ಇ ಹೋಗಿ ಇ ಫ್ಲಾಟ್ ಆಯಿತು, ಬಿ ಫ್ಲಾಟ್ ಹೋಗಿ ಎ ಆಯಿತು. ಅಷ್ಟೇ ಎಫ್ ಸೆವೆಂತ್. ಅಲ್ಲಿಂದ ಬಿ ಫ್ಲಾಟ್ ಸೆವೆಂತ್‌ಗೆ ಇನ್ನೊಂದು ಮನೆ. ಹಳೆಯ ಹಾಡುಗಳಲ್ಲಿ ಈ ಸರಣಿ ಎಷ್ಟು ಸಲ ಬರುತ್ತದೆ ಅಂತ ನಿಮಗೇ ಗೊತ್ತು. ಹೀಗೆ ಜಾರುತ್ತಾ ಹೋಗುವ ಎರಡು ಸ್ವರ ಕೇಳುವವರ ಕಿವಿಗೆ ಇನ್ನೊಂದು ಸಣ್ಣ ಹಾಡಿನ ಹಾಗೆ ಕೇಳಿಸುತ್ತದೆ. ನೀವು ಹುಡುಕುತ್ತಿರುವ ಪಿಯಾನೊ ಅಲ್ಲೇ ಇದೆ.

ಉಳಿದ ಎರಡು ತಂತಿ ಖಾಲಿ ಇವೆಯಲ್ಲ, ಮೇಲಿನ ತಂತಿಯಲ್ಲಿ ರಾಗದ ತುಣುಕು ಸೇರಿಸಬಹುದು. ನಿಧಾನದ ಹಾಡಿನಲ್ಲಿ ಸ್ವರ ಎಳೆಯಬೇಕಾದರೆ ಮಣಿಕಟ್ಟು ಸಡಿಲ ಬಿಟ್ಟು ಟ್ರೆಮೊಲೊ (ಅದೇ ಸ್ವರವನ್ನು ಬೇಗ ಬೇಗ ಮೀಟುವುದು) ಮಾಡಲಿ. ಇಡೀ ಹಾಡು ಬೇಡ, ಎರಡು ಬಾರ್ ಸಾಕು, ಜಾಸ್ತಿಯಾದರೆ ಕಿವಿ ಬೇಸರಪಡುತ್ತದೆ.

ಉತ್ತರ: ಮೂರುದನಿ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹಾಟ್ ಫೈವ್ ಉದಾಹರಣೆ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಅದು ಮುಖ್ಯವಾಗಿ ಸ್ಟುಡಿಯೊಗಾಗಿ ಕಟ್ಟಿದ ಗುಂಪು, ಜನರ ಮುಂದೆ ನುಡಿಸಿದ್ದು ತೀರಾ ಕಡಿಮೆ. ಅಲ್ಲದೆ ಡ್ರಮ್ಸ್ ಇಲ್ಲದಿದ್ದರೂ ಅಲ್ಲಿ ಊದುವವರು ಮೂವರಿದ್ದರು. ಹಳೆಯ ನ್ಯೂ ಆರ್ಲಿಯನ್ಸ್ ಸಂಗೀತದ ಜೀವ ಇರುವುದೇ ಆ ಮೂರು ದನಿಗಳಲ್ಲಿ. ಕಾರ್ನೆಟ್ ರಾಗ ಹಿಡಿಯುತ್ತದೆ, ಕ್ಲಾರಿನೆಟ್ ಅದರ ಮೇಲೆ ಬಳ್ಳಿಯ ಹಾಗೆ ಹಬ್ಬುತ್ತದೆ, ಟ್ರೊಂಬೋನ್ ಕೆಳಗಿನಿಂದ ಜಾರಿಸುತ್ತಾ ಉತ್ತರ ಕೊಡುತ್ತದೆ. ಒಂದೇ ಕ್ಲಾರಿನೆಟ್ ಇದ್ದರೆ ಆ ಹೆಣಿಗೆ ಎಲ್ಲಿಂದ ಬರಬೇಕು? ಜನರಿಗೆ ಖಾಲಿ ಅನಿಸುತ್ತಿರುವುದು ಡ್ರಮ್ಸ್ ಇಲ್ಲದ್ದಕ್ಕಲ್ಲ, ಎರಡನೇ ದನಿ ಇಲ್ಲದ್ದಕ್ಕೆ ಅಂತ ನನ್ನ ಅನಿಸಿಕೆ.

1940ರ ಬೆಷೆ–ಸ್ಪ್ಯಾನಿಯರ್ ಬಿಗ್ ಫೋರ್ ರೆಕಾರ್ಡ್ ಕೇಳಿ. ಅಲ್ಲೂ ಪಿಯಾನೊ ಇಲ್ಲ, ಡ್ರಮ್ಸ್ ಇಲ್ಲ, ಗಿಟಾರ್ ಮತ್ತು ಬೇಸ್ ಅಷ್ಟೇ. ಆದರೂ ಒಂದು ಕ್ಷಣವೂ ಖಾಲಿ ಅನಿಸುವುದಿಲ್ಲ. ಸಿಡ್ನಿ ಬೆಷೆ, ಮಗ್ಸಿ ಸ್ಪ್ಯಾನಿಯರ್ ಇಬ್ಬರು ಊದುತ್ತಿದ್ದಾರೆ, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಮಾತು ಸೇರಿಸುತ್ತಿದ್ದಾರೆ. ಹಾಗಾಗಿ ನನ್ನ ಸಲಹೆ, ನಾಲ್ಕನೆಯವರನ್ನು ಸೇರಿಸುವುದೇ ಆದರೆ ಡ್ರಮ್ಸ್ ಬೇಡ, ಕಾರ್ನೆಟ್ ಸೇರಿಸಿ.

ಉತ್ತರ: ದೊಡ್ಡಉಸಿರು

ಮೂರುದನಿಯವರು ರೋಗವನ್ನು ಸರಿಯಾಗಿ ಹಿಡಿದಿದ್ದಾರೆ, ಔಷಧ ಮಾತ್ರ ನಾನು ಬೇರೆ ಹೇಳುತ್ತೇನೆ. ಎರಡನೇ ದನಿ ಆಗಲೇ ನಿಮ್ಮ ಗುಂಪಿನಲ್ಲಿದೆ, ಅದು ಟ್ಯೂಬಾ. ಅವರನ್ನು ಬರೀ ಬೊಂಬ್ ಬೊಂಬ್ ಅನ್ನಲು ಕೂರಿಸಿದ್ದೀರಿ, ಅಷ್ಟೇ.

ಹದಿನೈದು ವರ್ಷದಿಂದ ಟ್ಯೂಬಾ ಊದುತ್ತಿದ್ದೇನೆ. ಈ ವಾದ್ಯ ಊದುವವರಿಗೆ ಎಲ್ಲಕ್ಕಿಂತ ದೊಡ್ಡ ಲೆಕ್ಕ ಅಂದರೆ ಉಸಿರು. ಒಂದು ಮತ್ತು ಮೂರನೇ ಬೀಟ್ ಮಾತ್ರ ಊದುವ ಪದ್ಧತಿ ನನ್ನಂಥವರಿಗೆ ವರ, ಎರಡರಲ್ಲಿ ನಾಲ್ಕರಲ್ಲಿ ಗಾಳಿ ಎಳೆದುಕೊಳ್ಳಬಹುದು. ಆದರೆ ಆ ಜಾಗವೆಲ್ಲ ಉಸಿರಿಗೇ ಬೇಕಾಗಿಲ್ಲ. ಕ್ಲಾರಿನೆಟ್ ಒಂದು ಸಾಲು ಮುಗಿಸಿ ಸ್ವರ ಹಿಡಿದು ನಿಲ್ಲುತ್ತದಲ್ಲ, ಸಾಮಾನ್ಯವಾಗಿ ಏಳು ಎಂಟನೇ ಬಾರ್‌ನಲ್ಲಿ, ಅಲ್ಲಿ ಟ್ಯೂಬಾ ಮೇಲೆ ಎದ್ದು ಟ್ರೊಂಬೋನ್ ಹೇಳುವ ಮಾತು ಹೇಳಬೇಕು. ನಾಲ್ಕೈದು ಸ್ವರ ಸಾಕು. ಹೇಳಿ ಮುಗಿಸಿ ಮುಂದಿನ ಸಾಲಿನ ಮೊದಲ ಬೀಟಿಗೆ ಸರಿಯಾಗಿ ಕೆಳಗಿನ ಮೂಲ ಸ್ವರಕ್ಕೆ ಬಂದು ಇಳಿಯಬೇಕು. ಆ ಇಳಿಯುವುದು ತಪ್ಪಬಾರದು. ನಡುವೆ ಬೇಸ್ ಇರಲಿಲ್ಲ ಅನ್ನುವುದು ಕೇಳುವವರಿಗೆ ಗೊತ್ತೇ ಆಗುವುದಿಲ್ಲ, ಯಾಕಂದರೆ ಕಿವಿ ಆ ಎರಡು ಬಾರ್ ತಾನೇ ಸೇರಿಸಿಕೊಳ್ಳುತ್ತದೆ. ಅದೇ ಹೊತ್ತಿನಲ್ಲಿ ಬ್ಯಾಂಜೊ ಮಾತ್ರ ನಾಲ್ಕೂ ಬೀಟ್ ಬಾರಿಸಲಿ. ಚರ್ಮದಹಲಗೆಯವರು ಬಿಡಿ ಅಂದ ಒಂದು, ಮೂರನ್ನು ಇಲ್ಲಿ ಎತ್ತಿಕೊಳ್ಳಬೇಕು.

ಟ್ಯೂಬಾ ಸೋಲೊ ಬಂದಾಗ ನೆಲ ಹೋಗುತ್ತದೆ ಅಂದಿರಲ್ಲ. ಅದಕ್ಕೆ ಹಳಬರ ಉಪಾಯವೇ ಇದೆ, ಸ್ಟಾಪ್ ಟೈಮ್. ಬ್ಯಾಂಜೊ, ಕ್ಲಾರಿನೆಟ್ ಇಬ್ಬರೂ ಬಾರ್‌ನ ಮೊದಲ ಬೀಟಿಗೆ ಒಂದು ಹೊಡೆತ ಕೊಟ್ಟು ಸುಮ್ಮನಾಗಬೇಕು. ಆಗ ಆ ಮೌನ ಬೇಕೆಂದೇ ಮಾಡಿದ್ದು ಅಂತ ಎಲ್ಲರಿಗೂ ಕೇಳಿಸುತ್ತದೆ. ಹಿಂದೆ ಚಕ್ ಚಕ್ ನಡೆಯುತ್ತಾ ಬೇಸ್ ಮಾತ್ರ ಕಾಣೆಯಾದರೆ ಕೊರತೆ ಅನಿಸುತ್ತದೆ, ಎಲ್ಲವೂ ಒಟ್ಟಿಗೆ ನಿಂತರೆ ಕೊರತೆ ಅನಿಸುವುದಿಲ್ಲ.

ಇನ್ನೊಂದು ಉಪಾಯ ನಿಮ್ಮ ಕೈಯಲ್ಲೇ ಇದೆ ಮರದಪೀಪಿಯವರೇ. ಕ್ಲಾರಿನೆಟ್‌ನ ಕೆಳಗಿನ ಸ್ಥಾಯಿ, ಶಾಲುಮೊ ಅನ್ನುತ್ತಾರಲ್ಲ, ಆ ದಪ್ಪ ಮರದ ದನಿ. ಸೋಲೊ ಹೊತ್ತಿನಲ್ಲಿ ಅಲ್ಲಿ ಉದ್ದುದ್ದ ಸ್ವರ ಹಿಡಿಯಿರಿ. ಅದು ಬೇಸ್ ಆಗುವುದಿಲ್ಲ, ಬಿ ಫ್ಲಾಟ್ ಕ್ಲಾರಿನೆಟ್ ಕೇಳಿಸುವ ಡಿಗಿಂತ ಕೆಳಗೆ ಇಳಿಯುವುದಿಲ್ಲ. ಆದರೆ ಟ್ಯೂಬಾದ ಮೇಲಿನ ಸ್ಥಾಯಿಗೆ ಅದು ಒಳ್ಳೆಯ ಜೊತೆ.

ಉತ್ತರ: ಹಳೇರೆಕಾರ್ಡು

ಮೇಲಿನ ಕೊನೆಯ ಮಾತಿಗೆ ಒಂದು ಸೇರಿಸುತ್ತೇನೆ. ರಿಜಿಸ್ಟರ್ ಕೀ ಒತ್ತಿದರೆ ಬೇರೆ ಹೆಚ್ಚಿನ ಗಾಳಿವಾದ್ಯಗಳಲ್ಲಿ ಸ್ವರ ಒಂದು ಸ್ಥಾಯಿ ಮೇಲೆ ಹೋಗುತ್ತದೆ, ಕ್ಲಾರಿನೆಟ್‌ನಲ್ಲಿ ಮಾತ್ರ ಸ್ಥಾಯಿಯೂ ಆಗಿ ಮೇಲೆ ಒಂದು ಪಂಚಮ. ಅದಕ್ಕೇ ಅದರ ಕೆಳಗಿನ ದನಿ, ಮೇಲಿನ ದನಿ ಎರಡು ಬೇರೆ ವಾದ್ಯಗಳಷ್ಟು ದೂರ. ಮೂವರ ಗುಂಪಿನಲ್ಲಿ ಇದು ದೊಡ್ಡ ಆಸ್ತಿ. ಮೊದಲ ಕೋರಸ್ (ಹಾಡಿನ ಒಂದು ಸುತ್ತು) ಪೂರ್ತಿ ಕೆಳಗೇ ಇರಿ, ಮೇಲೆ ಹೋಗುವ ಆಸೆ ತಡೆದುಕೊಳ್ಳಿ. ಎರಡನೇ ಕೋರಸ್ ಬ್ಯಾಂಜೊಗೆ ಕೊಡಿ. ಮೂರನೆಯದಕ್ಕೆ ಮೇಲಿನಿಂದ ಒಳಗೆ ಬಂದರೆ ಹೊಸಬರೊಬ್ಬರು ಬಂದು ಸೇರಿದ ಹಾಗಿರುತ್ತದೆ.

ಜಾಝ್‌ನಲ್ಲಿ ಕ್ಲಾರಿನೆಟ್ ಮೂವರ ಗುಂಪು ಅಂದರೆ ಬೆನ್ನಿ ಗುಡ್‌ಮನ್ ಟ್ರಿಯೊ ಎಲ್ಲರಿಗೂ ನೆನಪಾಗುತ್ತದೆ, 1935ರಲ್ಲಿ ಟೆಡ್ಡಿ ವಿಲ್ಸನ್ ಪಿಯಾನೊ, ಜೀನ್ ಕ್ರೂಪಾ ಡ್ರಮ್ಸ್, ಅಲ್ಲೂ ಬೇಸ್ ಇಲ್ಲ. ಕಪ್ಪು ಮತ್ತು ಬಿಳಿಯ ಸಂಗೀತಗಾರರು ಜನರ ಮುಂದೆ ಒಟ್ಟಿಗೆ ಕೂತು ನುಡಿಸುವುದೇ ಅಪರೂಪವಾಗಿದ್ದ ಕಾಲ ಅದು. ಆ ಕಾರಣಕ್ಕೂ ಅದು ದೊಡ್ಡ ಹೆಜ್ಜೆ. ಆದರೆ ನಿಮ್ಮ ಕೆಲಸಕ್ಕೆ ನನಗೆ ಜಾಸ್ತಿ ಹತ್ತಿರ ಅನಿಸುವುದು ಜಿಮ್ಮಿ ಜೂಫ್ರಿ. ಹಳೆಯ ಶೈಲಿ ಅಲ್ಲ, ನಿಜ. 1958ರಲ್ಲಿ ಅವರು ಕ್ಲಾರಿನೆಟ್ ಮತ್ತು ಸ್ಯಾಕ್ಸೊಫೋನ್, ಬಾಬ್ ಬ್ರೂಕ್‌ಮೈಯರ್ ವಾಲ್ವ್ ಟ್ರೊಂಬೋನ್, ಜಿಮ್ ಹಾಲ್ ಗಿಟಾರ್. ಬೇಸ್ ಇಲ್ಲ, ಡ್ರಮ್ಸ್ ಇಲ್ಲ, ಪಿಯಾನೊ ಇಲ್ಲ. ಆ ವರ್ಷದ ನ್ಯೂಪೋರ್ಟ್ ಜಾಝ್ ಉತ್ಸವದ ಸಾಕ್ಷ್ಯಚಿತ್ರ ಶುರುವಾಗುವುದೇ ಇವರಿಂದ. ತಾಳವನ್ನು ಯಾರೂ ಒಬ್ಬರೇ ಹೊರುವುದಿಲ್ಲ, ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿರುತ್ತದೆ. ಅದನ್ನು ನೋಡಿದರೆ ದೊಡ್ಡಉಸಿರು ಹೇಳಿದ್ದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಉತ್ತರ: ಮರದಪೀಪಿ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಮೂವರೂ ಒಟ್ಟಿಗೆ ಕೂತು ಇಡೀ ಚರ್ಚೆ ಎರಡು ಸಲ ಓದಿದೆವು. ನಿನ್ನೆ ರಿಹರ್ಸಲ್ ಇತ್ತು, ಏನಾಯಿತು ಅಂತ ಹೇಳುತ್ತೇನೆ.

ಬ್ಯಾಂಜೊದಲ್ಲಿ ಒಂದು, ಮೂರು ಬಿಡುವುದು ಮೊದಲು ಸರಿ ಹೋಗಲಿಲ್ಲ. ಗೆಳೆಯನ ಕೈ ತಾನಾಗೇ ಹೋಗಿ ಬೀಳುತ್ತಿತ್ತು. ಕೊನೆಗೆ ಅವನು ಒಂದು, ಮೂರಕ್ಕೆ ಕಾಲು ತಟ್ಟುತ್ತಾ ಎರಡು, ನಾಲ್ಕಕ್ಕೆ ಕೈ ಹಾಕಲು ಶುರು ಮಾಡಿದ, ಅರ್ಧ ಗಂಟೆಯಲ್ಲಿ ಕೂತುಬಿಟ್ಟಿತು. ಆಗ ಟ್ಯೂಬಾ ಇದ್ದಕ್ಕಿದ್ದ ಹಾಗೆ ದೊಡ್ಡದಾಗಿ ಕೇಳಿಸಿತು. ಗೆಳತಿ ಊದಿದ್ದು ಮೊದಲಿನಷ್ಟೇ ಮೆತ್ತಗೆ. ಇಷ್ಟು ದಿನ ಅದರ ಮೇಲೆ ಬ್ಯಾಂಜೊ ಕೂತಿತ್ತು ಅಂತ ಈಗ ಗೊತ್ತಾಯಿತು. ಮೂರನೇ ಏಳನೇ ಸ್ವರದ ಕೆಲಸ ಅವನು ಮನೆಯಲ್ಲಿ ಕೂತು ಮಾಡುತ್ತಿದ್ದಾನೆ, ಅದಕ್ಕೆ ಇನ್ನೂ ದಿನ ಬೇಕು.

ನಾನು ಮೊದಲ ಕೋರಸ್ ಪೂರ್ತಿ ಕೆಳಗೇ ಊದಿದೆ. ಎರಡನೆಯದರಲ್ಲಿ ಕ್ಲಾರಿನೆಟ್ ತೊಡೆ ಮೇಲೆ ಇಟ್ಟುಕೊಂಡು ಕೂತೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವರಿಬ್ಬರನ್ನು ಕೇಳುಗನಾಗಿ ಕೇಳಿದೆ. ಎಷ್ಟು ಚೆನ್ನಾಗಿ ನುಡಿಸುತ್ತಾರೆ ಗೊತ್ತಾ! ನಾನು ಮೇಲೆ ಊದಿ ಊದಿ ಅದನ್ನೆಲ್ಲ ಮುಚ್ಚಿಹಾಕಿದ್ದೆ.

ಟ್ಯೂಬಾ ಉತ್ತರ ಕೊಡುವುದನ್ನು ಒಂದೇ ಹಾಡಿನಲ್ಲಿ ಪ್ರಯತ್ನಿಸಿದೆವು. ಏಳು ಎಂಟನೇ ಬಾರ್‌ನಲ್ಲಿ ಅವಳು ಮೇಲೆ ಎದ್ದು ಬಂದಳು, ಚೆನ್ನಾಗಿ ಬಂತು, ಆದರೆ ವಾಪಸು ಇಳಿಯುವಾಗ ಒಂದು ಬೀಟ್ ತಡ. ಮೂರನೇ ಸಲಕ್ಕೆ ಸರಿಯಾಯಿತು. ಮೂರುದನಿಯವರೇ, ನೀವು ಹೇಳಿದ ಬೆಷೆ–ಸ್ಪ್ಯಾನಿಯರ್ ಕೇಳಿದೆವು. ಕಾರ್ನೆಟ್ ಸೇರಿಸುತ್ತಿಲ್ಲ, ಆದರೆ ಆ ಮಾತು ಸೇರಿಸುವ ರೀತಿ ನಮಗೆ ಬೇಕು.

ಒಂದೇ ಜಗಳ ಉಳಿದಿದೆ. ಕೊನೆಯ ಕೋರಸ್‌ನಲ್ಲಿ ಟ್ಯೂಬಾ ನಾಲ್ಕೂ ಬೀಟ್ ಊದಬೇಕು, ಆಗ ಬಿಸಿ ಏರುತ್ತದೆ ಅಂತ ಗೆಳೆಯ. ಉಸಿರು ಎಲ್ಲಿ ತೆಗೆದುಕೊಳ್ಳಲಿ ಅಂತ ಗೆಳತಿ. ದೊಡ್ಡಉಸಿರು ಸರ್, ಇದಕ್ಕೆ ಏನಾದರೂ ದಾರಿ ಇದೆಯಾ?

ಉತ್ತರ: ದೊಡ್ಡಉಸಿರು

ಇದೆ. ಮೂವತ್ತೆರಡು ಬಾರ್ ಪೂರ್ತಿ ಊದಬೇಡಿ ಅಂತ ಹೇಳಿ, ಕೊನೆಯ ಎಂಟು ಬಾರ್ ಮಾತ್ರ. ಮೊದಲ ಬೀಟನ್ನು ಯಾವತ್ತೂ ಬಿಡಬಾರದು. ಉಸಿರು ಬೇಕಾದಾಗ ನಾಲ್ಕನೇ ಬೀಟ್ ಬಿಡಲಿ, ಎರಡು ಬಾರ್‌ಗೆ ಒಮ್ಮೆ ಸಾಕು. ಆ ಜಾಗದಲ್ಲಿ ಬ್ಯಾಂಜೊ ಸ್ವಲ್ಪ ಜೋರಾಗಿ ಬೀಳಲಿ. ಅವಳು ಎಲ್ಲಿ ಬಿಡುತ್ತಾಳೆ ಅಂತ ಅವನಿಗೆ ಮೊದಲೇ ಗೊತ್ತಿರಬೇಕು, ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಮುಂದಿನ ರಿಹರ್ಸಲ್ ಆದ ಮೇಲೆ ಮತ್ತೆ ಬರೆಯಿರಿ.